ಮಕ್ಕಳ ಕಥ್ಯಾಗ ಇಷ್ಟು ಕತ್ತಲಿ ಯಾಕ? ಓಜ್ ನಾಡಿನ ಹೊಸಾ ಪುಸ್ತಕಗಳ ಬಗ್ಗೆ ಒಂದಿಷ್ಟು

ಹುಬ್ಬಳ್ಳಿ-ಧಾರವಾಡದ ಪುಸ್ತಕದ ಅಂಗಡ್ಯಾಗ ಇಂಗ್ಲಿಷ್ ಕಪಾಟಿನ ಮುಂದ ನಿಂತ ಅವ್ವ-ಅಪ್ಪಗೋಳಿಗೆ ಈಗೀಗ ಒಂದು ಗೊಂದಲ ಸುರು ಆಗೇತಿ. ಡೊರೊಥಿ ಅಂದ್ರ ಅವರಿಗೆ ಗೊತ್ತಿರೋದು ನಾಯಿಮರಿ ಕಟ್ಟಕೊಂಡು ಹಳದಿ ಹಾದ್ಯಾಗ ನಡಕೊಂತ ಹೋಗೋ ಸಣ್ಣ ಹುಡುಗಿ, ಈಗ ಪಿಯುಸಿ ಓದೋ ಮಗಳು ಕೇಳಾಕತ್ತಿರೋ ಪುಸ್ತಕದ ಹೆಸರು 'ಡೊರೊಥಿ ಮಸ್ಟ್ ಡೈ', ಅಂದ್ರ ಡೊರೊಥಿ ಸಾಯಬೇಕು. ಅದರ ಜೋಡಿ 2024ರ ನವೆಂಬರ್‌ನಾಗ, ಡೊರೊಥಿ ಹೋಗಿದ್ದ ಅದ ಓಜ್ ನಾಡಿನ ಮ್ಯಾಲಿನ 'ವಿಕೆಡ್' ಸಿನಿಮಾ ಬಂತು, 2025ರ ನವೆಂಬರ್‌ನಾಗ ಅದರ ಎರಡನೇ ಭಾಗಾನೂ ಬಂತು, ಹಸರ ಮಾರಿ ಮಾಟಗಾತಿ ಎಲ್ಲಾರ ಮೊಬೈಲ್‌ನಾಗ ಹಾಡಾಕ ಹತ್ತಿದ್ಲು. ಮಕ್ಕಳ ಕಥಿ ತಗೊಂಡು ಹಿಂಗ್ಯಾಕ ಮಾಡ್ತಾರ, ಇದು ಯಾವ ವಯಸ್ಸಿನವ್ರಿಗೆ, ಬ್ಯಾರೆಯವ್ರ ಕಥಿ ಹಿಂಗ ತಿರುವಿ ಬರ್ಯಾಕ ಪರವಾನಗಿ ಬ್ಯಾಡೇನು? ಬುಡದಿಂದ ನೋಡೂಣು.

ಮದಲ ಮೂಲ ಕಥಿ

ಎಲ್. ಫ್ರಾಂಕ್ ಬಾಮ್ ಅನ್ನೋ ಅಮೆರಿಕದ ಲೇಖಕ 1900ರಾಗ 'ದ ವಂಡರ್‌ಫುಲ್ ವಿಜರ್ಡ್ ಆಫ್ ಓಜ್' ಅನ್ನೋ ಪುಸ್ತಕ ಬರದಾ. ಕ್ಯಾನ್ಸಸ್ ಅನ್ನೋ ಬಯಲು ಸೀಮ್ಯಾಗ ಕಾಕಾ ಹೆನ್ರಿ, ಕಾಕು ಎಮ್ ಜೋಡಿ ಇದ್ದ ಡೊರೊಥಿನ್ನ ಸುಂಟರಗಾಳಿ ಮನಿ ಸಮೇತ ಎತ್ತಕೊಂಡು ಹೋಗಿ ಓಜ್ ಅನ್ನೋ ಮಾಯಾ ನಾಡಿನಾಗ ಒಗೀತೈತಿ. ಮಿದುಳು ಬೇಕನ್ನೋ ಬೆದರಬೊಂಬಿ, ಹೃದಯ ಬೇಕನ್ನೋ ತಗಡಿನ ಮನಷ್ಯಾ, ಧೈರ್ಯ ಬೇಕನ್ನೋ ಸಿಂಹ ಆಕಿಗೆ ಜೋಡಿ ಆಗ್ತಾವ, ನಾಕೂ ಮಂದಿ ಪಚ್ಚೆ ನಗರದ ಮಾಂತ್ರಿಕನ ಹಂತ್ಯಾಕ ಹೋಗ್ತಾರ, ಅಂವ ನೋಡಿದ್ರ ಬರೇ ಕಣ್ಕಟ್ಟಿನವ, ಕಡೀಕ ಡೊರೊಥಿ ಬೆಳ್ಳಿ ಬೂಟಿನ ಹಿಮ್ಮಡ ಬಡದು ಮನೀಗೆ ಬರ್ತಾಳ. ಕಥಿ ಇಷ್ಟ. ಬಾಮ್ ಆಮ್ಯಾಲೆ ಬರಕೊಂತ ಹೋಗಿ ಓಜ್ ಮ್ಯಾಲೆ ಒಟ್ಟು 14 ಪುಸ್ತಕ ಮಾಡಿದಾ, 1939ರ ಸಿನಿಮಾದಿಂದ ಇದು ಜಗತ್ತಿಗೆಲ್ಲಾ ಗೊತ್ತಾತು.

ಮದಲನೇ ಪುಸ್ತಕದ ಮುನ್ನುಡ್ಯಾಗ ಬಾಮ್ ಏನ ಹೇಳ್ಕೊಂಡಾನ ಅಂದ್ರ, ಹಳೇ ಕಾಲದ ಕಥಿಗೋಳೊಳಗ ಮಕ್ಕಳನ್ನ ಅಂಜಿಸಿ ನೀತಿ ಕಲಸ್ತಿದ್ರು, ನಾ ಹಂಗ ಮಾಡಂಗಿಲ್ಲ, ಆಶ್ಚರ್ಯ ಸಂತೋಷ ಅಷ್ಟ ಇಟಗೊಂಡು ಎದಿ ನೋಯಸೋದು, ಕೆಟ್ಟ ಕನಸು ಬೀಳಸೋದು ಎಲ್ಲಾ ಬಿಟ್ಟೀನಿ ಅಂತ. ಈ ಮಾತು ನೆನಪಿಟ್ಟಕೊಂಡು ಮುಂದಿಂದು ಓದ್ರಿ.

ಹಳೇ ಪುಸ್ತಕದಾಗ ಇದ್ದದ್ದ ಕತ್ತಲಿ

ತಗಡಿನ ಮನಷ್ಯಾ ಹುಟ್ಟಿದಾಗಿಂದ ತಗಡು ಅಲ್ಲ. ಮದಲ ಅಂವ ನಿಕ್ ಚಾಪರ್ ಅನ್ನೋ ಕಟಗಿ ಕಡಿಯಾಂವ, ರಕ್ತಮಾಂಸದ ಮನಷ್ಯಾ, ಒಂದು ಹುಡುಗಿ ಮ್ಯಾಲೆ ಮನಸ ಇಟ್ಟಿದ್ದ. ಆ ಹುಡುಗಿ ಇದ್ದದ್ದು ಒಬ್ಬ ಮುದುಕಿ ಮನ್ಯಾಗ, ಅಡಗಿ-ಗಿಡಗಿ ಎಲ್ಲಾ ಆಕಿನ ಮಾಡ್ತಿದ್ಲು, ಈಕಿ ಮದವಿ ಆಗಿ ಹೋದ್ರ ಮನಿ ಕೆಲಸ ಯಾರ ಮಾಡವ್ರು ಅಂತ ಮುದುಕಿ ಮೂಡಣ ದಿಕ್ಕಿನ ಮಾಟಗಾತಿ ಕಡೆ ಹೋಗಿ, ಎರಡು ಕುರಿ ಒಂದು ಆಕಳಾ ಕೊಡ್ತೀನಿ ಈ ಮದವಿ ತಪ್ಪಸು ಅಂತಾಳ. ಮಾಟಗಾತಿ ಆ ಹುಡುಗನ ಕೊಡ್ಲಿಗೆ ಮಾಟ ಮಾಡ್ತಾಳ. ಕೊಡ್ಲಿ ಜಾರಿ ಎಡಗಾಲು ಹೋಗ್ತೈತಿ, ತಗಡ ಕೆಲಸದವ ತಗಡಿನ ಕಾಲು ಹಚ್ಚತಾನ, ಆಮ್ಯಾಲೆ ಬಲಗಾಲು, ಆಮ್ಯಾಲೆ ಕೈ, ಆಮ್ಯಾಲೆ ತಲಿ, ಕಡೀಕ ಮೈ ಎರಡು ಹೋಳು. ಎಲ್ಲಾ ತಗಡ ಆಗ್ತೈತಿ, ಹೃದಯ ಒಂದು ಮಾಡಾಕ ಬರಂಗಿಲ್ಲ, ಹೃದಯ ಹೋತು ಅಂದಮ್ಯಾಲೆ ಆ ಹುಡುಗಿ ಮ್ಯಾಲಿನ ಪ್ರೀತೀನೂ ಹೋತು. ಇದು ಕೆಟ್ಟ ಕನಸು ಬಿಟ್ಟೀನಿ ಅಂದ ಲೇಖಕ ಮಕ್ಕಳಿಗೆ ಬರದಿದ್ದು!

ಇಷ್ಟಕ್ಕ ಮುಗಿಯೂದಿಲ್ಲ. ಪಡುವಣ ದಿಕ್ಕಿನ ಇನ್ನೊಬ್ಬಾಕಿ ಮಾಟಗಾತಿ 40 ತ್ವಾಳ ಕಳಿಸಿದಾಗ ಈ ತಗಡಿನ ಮನಷ್ಯಾ ಒಂದೊಂದರದೂ ತಲಿ ಕಡದು ಗುಂಪಿ ಹಾಕ್ತಾನ, 40 ಕಾಗಿ ಬಂದಾಗ ಬೆದರಬೊಂಬಿ ಒಂದೊಂದರ ಕುತಗಿ ತಿರುವಿ ಕೊಲ್ತೈತಿ. ಪಚ್ಚೆ ನಗರದಾಗ ಎಲ್ಲಾರಿಗೂ ಹಸರ ಚಾಳೀಸ್ ಹಾಕಿ ಹಿಂದ ಕೀಲಿ ಹಾಕಿರ್ತಾರ, ಅದಕ್ಕ ಊರೆಲ್ಲಾ ಹಸರ ಕಾಣಸ್ತೈತಿ, ಅಂದ್ರ ರಾಜ್ಯ ಆಳಾಂವ ಮಂದಿ ಕಣ್ಣಿಗೇ ಸುಳ್ಳು ಕಟ್ಟ್ಯಾನ. ಆ ಮಾಂತ್ರಿಕ ಒಂದು ಸಣ್ಣ ಹುಡುಗಿಗೆ ಪಡುವಣ ಮಾಟಗಾತಿನ್ನ ಕೊಂದು ಬಾ, ಆಮ್ಯಾಲೆ ಮನೀಗೆ ಕಳಸ್ತೀನಿ ಅಂತಾನ, ಆಕಿ ನಾ ಬೇಕಂತ ಯಾವತ್ತೂ ಏನೂ ಕೊಂದಿಲ್ಲ ಅಂತ ಅಳ್ತಾಳ. 1910ರ ಪುಸ್ತಕದಾಗ ಕಾಕಾ ಹೆನ್ರಿ ಹೊಸಾ ಮನಿ ಕಟ್ಟಾಕ ಹೊಲ ಒತ್ತಿ ಇಟ್ಟು, ಸಾಲ ತೀರಸಾಕ ಆಗದ ಹೊಲ ಕಳಕೊಳ್ಳೋ ಹೊತ್ತಿಗೆ ಬರ್ತಾನ, ಅದಕ್ಕ ಮೂರೂ ಮಂದಿ ಓಜ್‌ನಾಗ ಹೋಗಿ ಕಾಯಂ ಉಳೀತಾರ (ಹಾವೇರಿ-ಗದಗ ಕಡೆಯವ್ರಿಗೆ ಈ ಅಧ್ಯಾಯಕ್ಕ ಟಿಪ್ಪಣಿ ಬೇಕಾಗಂಗಿಲ್ಲ). ಇನ್ನ 1918ರ ಪುಸ್ತಕದಾಗ ತಗಡಿನ ಮನಷ್ಯಾ ತನ್ನ ಹಳೇ ಹುಡುಗಿನ್ನ ಹುಡಕೊಂತ ಹೋದ್ರ, ಕಪಾಟಿನಾಗ ಇಟ್ಟಿದ್ದ ತನ್ನದ ಹಳೇ ತಲಿ ಜೋಡಿ ಮಾತಾಡೋ ಪ್ರಸಂಗ ಐತಿ, ಹುಡುಗಿ ನೋಡಿದ್ರ ಅವನ ಮತ್ತ ಇನ್ನೊಬ್ಬನ ಕಡದ ಅಂಗಾಂಗ ಅಂಟಿಸಿ ಮಾಡಿದ ಮನಷ್ಯಾನ್ನ ಮದವಿ ಆಗ್ಯಾಳ.

ಬಾಮ್ ಒಬ್ಬನ ಹಿಂಗ ಅಂತಲ್ಲ. ಗ್ರಿಮ್ ಅಣ್ಣತಮ್ಮರು 1812ರಾಗ ಅಚ್ಚ ಹಾಕಿಸಿದ ಹಿಮಬಿಳಿ ಹುಡುಗಿ (ಸ್ನೋ ವೈಟ್) ಕಥ್ಯಾಗ ಮಗಳನ್ನ ಕೊಲ್ಲಾಕ ನೋಡಾಕಿ ಹೆತ್ತ ತಾಯಿನ, ಮುಂದಿನ ಆವೃತ್ತಿಯೊಳಗ ಆಕಿನ್ನ ಮಲತಾಯಿ ಮಾಡಿದ್ರು. ಜೆ. ಎಂ. ಬ್ಯಾರಿ 1911ರಾಗ ಬರದ ಪೀಟರ್ ಪ್ಯಾನ್ ಕಾದಂಬರ್ಯಾಗ, ಬೆಳೀಬಾರದು ಅನ್ನೋ ನಿಯಮ ಮುರದು ಯಾರರ ಹುಡುಗ್ರು ದೊಡ್ಡವ್ರಾಗೋದು ಕಂಡ್ರ ಪೀಟರ್ ಅವ್ರನ್ನ 'ಕಡಿಮಿ ಮಾಡ್ತಾನ' ಅಂತ ಒಂದು ಸಾಲು ಬಂದು ಹೋಗ್ತೈತಿ. ಹೆಂಗ ಕಡಿಮಿ ಮಾಡ್ತಾನ ಅಂತ ಬ್ಯಾರಿ ಬಿಡಿಸಿ ಹೇಳಂಗಿಲ್ಲ. ಈ ಒಂದು ಸಾಲಿನ ಮ್ಯಾಲೆ ಒಂದು ಇಡೀ ಕಾದಂಬರಿ ಕಟ್ಟಬಹುದು, ಕಟ್ಟ್ಯಾರ ಕೂಡ.

ಯಂಗ್ ಅಡಲ್ಟ್ ಅಂದ್ರ ಯಾರು

ಪುಸ್ತಕದ ವ್ಯಾಪಾರದಾಗ ಯಂಗ್ ಅಡಲ್ಟ್, ಗಿಡ್ಡಕ ವೈಎ, ಅಂದ್ರ ಹೆಚ್ಚಕಡಿಮಿ 12ರಿಂದ 18 ವರ್ಷದ ಓದುಗ್ರು. ನಮ್ಮ ಲೆಕ್ಕದಾಗ ಏಳನೇತ್ತೆಯಿಂದ ಪಿಯುಸಿ ಮುಗಿಯೋ ತನಕ. ಹೆಸರಿನಾಗ ಅಡಲ್ಟ್ ಐತಿ ಅಂತ ದೊಡ್ಡವ್ರ ಪುಸ್ತಕ ಅಲ್ಲ. ಅಮೆರಿಕದಾಗ 1967ರಾಗ ಎಸ್. ಇ. ಹಿಂಟನ್ ಬರದ 'ದಿ ಔಟ್‌ಸೈಡರ್ಸ್' ಬಂದಾಗಿಂದ ಈ ಬಗಿ ಪುಸ್ತಕಕ್ಕ ಒಂದು ರೂಪ ಬಂತು ಅಂತಾರ, ಅದನ್ನ ಬರೀವಾಗ ಆಕಿನ ಇನ್ನೂ ಹೈಸ್ಕೂಲ್ ಹುಡುಗಿ.

ಗುರುತ ಹೆಂಗ ಹಿಡೀಬೇಕು ಅಂದ್ರ, ಕಥಿ ನಡಸಾಕಿ ಅಥವಾ ನಡಸಾಂವ ಓದುಗನ ವಯಸ್ಸಿನವ್ರ ಇರ್ತಾರ, ಭಾಳ ಸಲ 'ನಾ ಹಿಂಗ ಮಾಡಿದೆ, ನಂಗ ಹಿಂಗ ಆತು' ಅಂತ ತಾವ ಹೇಳ್ತಾರ, ಅಪ್ಪ-ಅವ್ವ ದೂರ ಇರ್ತಾರ ಇಲ್ಲಾ ಕೈಲಾಗದವ್ರಿರ್ತಾರ, ತೀರ್ಮಾನ ಹುಡುಗಿನ ತಗೋಬೇಕು. ಸಾವು, ಮೋಸ, ಮದಲ ಪ್ರೀತಿ, ಜಗಳ ಎಲ್ಲಾ ಬರ್ತಾವ. ಸಿನಿಮಾಕ್ಕ ಇದ್ದಂಗ ಯು, ಯುಎ, ಎ ಅಂತ ಸರ್ಟಿಫಿಕೇಟ್ ಪುಸ್ತಕಕ್ಕ ಯಾರೂ ಕೊಡಂಗಿಲ್ಲ, ವೈಎ ಅನ್ನೋದು ಪ್ರಕಾಶಕರು ಹಚ್ಚೋ ಚೀಟಿ ಅಷ್ಟ.

ರೀಟೆಲಿಂಗ್‌ನಾಗ ಏನ ಮಾಡ್ತಾರ

ಅನುವಾದ ಅಂದ್ರ ಅದ ಕಥಿ, ಬ್ಯಾರೆ ಭಾಷಾ. ಮುಂದಿನ ಭಾಗ ಅಂದ್ರ ಅದ ಕಥಿ, ಮುಂದ ಏನಾತು. ರೀಟೆಲಿಂಗ್ ಅಂದ್ರ ಓದುಗನಿಗೆ ಗೊತ್ತಿರೋ ಕಥಿನ್ನ ಗೊತ್ತಿಲ್ಲದ ಕಡಿಯಿಂದ ಹೇಳೋದು. ಹಳೇ ವಾಡೇಕ ಮುಂಬಾಗಲದಿಂದ ಹೋದ್ರ ಪಡಸಾಲಿ, ತೂಗಮಂಚ, ಗ್ವಾಡಿ ಮ್ಯಾಲಿನ ಫೋಟೊ ಕಾಣಸ್ತಾವ, ಹಿತ್ತಲ ಬಾಗಲದಿಂದ ಹೋದ್ರ ಮುಸರಿ ಭಾಂಡೆ ತಿಕ್ಕಾಕಿ, ಹೊಗಿ ಹಿಡದ ಗ್ವಾಡಿ, ಮೂಲ್ಯಾಗ ಕೂಡಿಸಿದ ವಿಧವಾ ಅತ್ತಿ ಕಾಣಸ್ತಾರ. ಮನಿ ಅದ. ಯಾರೂ ಹೊಸದಾಗಿ ಕಟ್ಟಿಲ್ಲ.

'ಡೊರೊಥಿ ಮಸ್ಟ್ ಡೈ' 2014ರಾಗ ಬಂತು, ಬರದಾಕಿ ಡೇನಿಯಲ್ ಪೇಜ್. ಇದರ ನಾಯಕಿ ಡೊರೊಥಿ ಅಲ್ಲ, ಇವತ್ತಿನ ಕ್ಯಾನ್ಸಸ್‌ನ ಏಮಿ ಗಮ್ ಅನ್ನೋ ಹೈಸ್ಕೂಲ್ ಹುಡುಗಿ, ಟ್ರೇಲರ್ ಮನ್ಯಾಗ ತಾಯಿ ಜೋಡಿ ಇರಾಕಿ, ತಾಯಿಗೆ ಮಗಳ ಕಡೆ ಖಬರಿಲ್ಲ, ಸಾಲ್ಯಾಗ ಕಾಟ. ಸುಂಟರಗಾಳಿ ಈಕಿನ್ನೂ ಎತ್ತಕೊಂಡು ಹೋಗ್ತೈತಿ. ಆದ್ರ ಆಕಿ ಇಳಿಯೋ ಓಜ್ ಬಣ್ಣ ಹೋಗಿ ಒಣಗಿ ನಿಂತೈತಿ. ಯಾಕಂದ್ರ ಡೊರೊಥಿ ಕ್ಯಾನ್ಸಸ್‌ಗೆ ಹೋದಾಕಿ ಅಲ್ಲಿ ಇರಾಕ ಆಗದ ತಿರುಗಿ ಬಂದಾಳ, ಮಂತ್ರಶಕ್ತಿ ರುಚಿ ಹತ್ತೇತಿ, ನೆಲದಾಗಿನ ಶಕ್ತಿ ಎಲ್ಲಾ ಅಗದು ಅಗದು ತಗಸಾಕತ್ತ್ಯಾಳ, ಮಂದಿನ್ನ ದುಡಸಾಕತ್ತ್ಯಾಳ. ಹಳೇ ಗೆಳ್ಯಾರು ಈಗ ಆಕಿ ಕೈಕೆಳಗಿನವ್ರು. ಆಕಿನ್ನ ಮುಗಸಬೇಕಂದ್ರ ತಗಡಿನವನ ಹೃದಯ, ಬೆದರಬೊಂಬಿ ಮಿದುಳು, ಸಿಂಹದ ಧೈರ್ಯ ಮದಲ ಕಸಗೋಬೇಕು ಅಂತ ಏಮಿಗೆ ತರಬೇತಿ ಕೊಡವ್ರು ಯಾರು ಅಂದ್ರ ನಾವೆಲ್ಲಾ ಕೆಟ್ಟವ್ರು ಅಂತ ತಿಳದ ಮಾಟಗಾತೇರು.

ಇದರಾಗ ಲೇಖಕಿ ಹೊಸದಾಗಿ ತಂದು ಹಾಕಿದ್ದು ಏನು, ಹಳೇದರಾಗಿಂದ ಎತ್ತಿದ್ದು ಏನು ಅಂತ ಬಿಡಿಸಿ ನೋಡಿದ್ರ ಮಜಾ ಐತಿ. ಡೊರೊಥಿ ಓಜ್‌ಗೆ ತಿರುಗಿ ಹೋಗಿ ರಾಜಕುಮಾರಿ ಆಗೋದು ಬಾಮ್‌ನ ಪುಸ್ತಕದಾಗ ಐತಿ. ತಗಡಿನವನ ಕೊಡ್ಲಿ ಎಷ್ಟು ಕುತಗಿ ಕಡದೈತಿ ಅಂತ ಆಗಲೇ ನೋಡಿದ್ವಿ. ಹೃದಯ, ಮಿದುಳು, ಧೈರ್ಯ ಬಹುಮಾನ ಅಂತ ಸಿಕ್ಕಿದ್ದು ಬಾಮ್‌ನ ಕಡೆ, ಇಲ್ಲಿ ಅವ ಮೂರನ್ನ ಕಿತಗೋಬೇಕು. ಅಂದ್ರ ಸಾಮಾನು ಭಾಳಷ್ಟು ಹಳೇದ. ಲೇಖಕಿ ಕೇಳಿದ ಹೊಸಾ ಪ್ರಶ್ನೆ ಒಂದ: ಒಂದು ಹುಡುಗಿ ಕೈಯಾಗ ಅಷ್ಟು ಅಧಿಕಾರ ಕೊಟ್ಟು, ಎಲ್ಲಾರೂ ಆಕಿನ್ನ ಹೊಗಳಕೊಂತ ಕೂತ್ರ ಆಕಿ ಏನ ಆಗ್ತಾಳ? ನಾಯಕಿ ಅಡ್ಡಹೆಸರು ಗಮ್ ಅಂತ ಇಟ್ಟಿದ್ದರಾಗೂ ಒಂದು ಗುಟ್ಟೈತಿ, 1939ರ ಸಿನಿಮಾದಾಗ ಡೊರೊಥಿ ಆದ ಜೂಡಿ ಗಾರ್ಲಂಡ್‌ಳ ಹುಟ್ಟಿದ ಹೆಸರು ಫ್ರಾನ್ಸಿಸ್ ಎಥೆಲ್ ಗಮ್.

ಇದೆಲ್ಲಾ ಅಮೆರಿಕದವ್ರ ಫ್ಯಾಶನ್ ಅನಕೋಬ್ಯಾಡ್ರಿ. ಗದಗಿನ ವೀರನಾರಾಯಣನ ಹೆಸರಿನ್ಯಾಗ ಕುಮಾರವ್ಯಾಸ ಹೇಳಿದ್ದೂ ವ್ಯಾಸರ ಕಥಿನ, ಆದ್ರ ಕರ್ಣನ ಸಾವು ಓದಿದ ಕನ್ನಡದವ್ರಿಗೆ ಯಾರು ಗೆದ್ರು ಅನ್ನೋದ ಮರತ ಹೋಗ್ತೈತಿ. ರನ್ನ ದುರ್ಯೋಧನನ್ನ ಹೆಣಗಳ ನಡುವ ಸಂಜಯನ ಜೋಡಿ ನಡಸಿದಾಗ ಓದುಗ ಪಾಂಡವ್ರ ಡೇರೆ ಬಿಟ್ಟು ಅವನ ಬೆನ್ನ ಹಿಂದ ಬರ್ತಾನ. ಧಾರವಾಡದ ಕರ್ನಾಟಕ ಕಾಲೇಜಿನಾಗ ಓದಿದ ಗಿರೀಶ ಕಾರ್ನಾಡರ 'ಯಯಾತಿ' 1961ರಾಗ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂತು, ಬರದಾಗ ಅವರಿಗೆ ಇಪ್ಪತ್ತೆರಡರ ಹರೇ. ಅಪ್ಪನ ಮುಪ್ಪು ತಾ ತಗೊಂಡ ಪುರುವಿನ ತ್ಯಾಗಾನ ನಾವೆಲ್ಲಾ ಹೊಗಳಿದ್ವಿ, ಕಾರ್ನಾಡರು ಪುರುವಿಗೆ ಚಿತ್ರಲೇಖ ಅನ್ನೋ ಹೆಂಡ್ತಿನ್ನ ಕೊಟ್ಟು, ಮದವಿ ಆಗಿ ಬಂದಾಕಿಗೆ ಮುಪ್ಪಿನ ಗಂಡ ಎದುರ ನಿಂತ್ರ ಆಕಿ ಗತಿ ಏನು ಅಂತ ಕೇಳಿದ್ರು. ಆಕಿ ವಿಷ ಕುಡದು ಸಾಯ್ತಾಳ. ಡಾರ್ಕ್ ರೀಟೆಲಿಂಗ್ ಅಂದ್ರ ಇದ ನೋಡ್ರಿ, ಹೆಸರ ಅಷ್ಟ ಆವಾಗ ಇರಲಿಲ್ಲ.

ಪುಣ್ಯಕೋಟಿ ಮ್ಯಾಲೆ ಮಾಡಿ ನೋಡೂಣು

ಕೆಲಸ ಹೆಂಗ ಆಗ್ತೈತಿ ಅಂತ ತಿಳಕೊಳ್ಳಾಕ ನಮ್ಮದ ಒಂದು ಕಥಿ ತಗೊಳ್ಳೂಣು. ಗೋವಿನ ಹಾಡು ಎಲ್ಲಾರಿಗೂ ಗೊತ್ತು. ಹುಲಿ ಅಡ್ಡಗಟ್ಟತೈತಿ, ಪುಣ್ಯಕೋಟಿ ಕರುವಿಗೆ ಹಾಲು ಕುಡಿಸಿ ಬರ್ತೀನಿ ಅಂತ ಮಾತು ಕೊಡ್ತಾಳ, ಕರು ಅತ್ತರೂ ಕೇಳಂಗಿಲ್ಲ, ಅಕ್ಕತಂಗೇರ ಕೈಯಾಗ ಕರು ಒಪ್ಪಿಸಿ ಗವಿಗೆ ಹೋಗ್ತಾಳ, ಆಕಿ ಸತ್ಯ ನೋಡಿ ಹುಲಿ ಹಾರಿ ಪ್ರಾಣ ಬಿಡ್ತೈತಿ. ಸಣ್ಣ ಮಕ್ಕಳು ಇದನ್ನ ಕೇಳಿ ಅಳ್ತಾವ, ಆಮ್ಯಾಲೆ ತಾಯಿ ತಿರುಗಿ ಬಂದ್ಲು ಅಂತ ಸಮಾಧಾನ ಆಗ್ತಾವ.

ಈಗ ಆ ಕರುವಿಗೆ ಹರೇ ಬಂತು ಅಂತ ತಿಳೀರಿ. ದೊಡ್ಡಿಯಾಗ ಎಲ್ಲಾರೂ ಆಕಿನ್ನ ಪುಣ್ಯಕೋಟಿ ಮಗಳು ಅಂತ ಕೈ ಮುಗೀತಾರ, ಹಬ್ಬಕ್ಕ ಕೋಡಿಗೆ ಬಣ್ಣ ಹಚ್ಚಿ ಮುಂದ ನಿಲ್ಲಸ್ತಾರ. ಆಕಿಗೆ ಮಾತ್ರ ಒಂದ ವಿಚಾರ ತಲ್ಯಾಗ: ಅವ್ವ ಆವತ್ತ ನನ್ನ ಬಿಟ್ಟು ಸಾಯಾಕ ಹೊಂಟಿದ್ಲು, ಹುಲಿ ಮನಸ ಬದಲಿಸಿದ್ದು ಆಕಿಗೆ ಮದಲ ಗೊತ್ತಿರಲಿಲ್ಲ, ಅಂದ್ರ ನನಗಿಂತ ಹುಲಿಗೆ ಕೊಟ್ಟ ಮಾತ ದೊಡ್ಡದಾತು. ಇದು ನೋಡೋ ಕಣ್ಣು ಬದಲಿ ಮಾಡೋದು. ಹುಲಿಗೆ ಮರಿ ಇದ್ವು ಅಂತ ಮಾಡ್ರಿ, ಅವು ಉಪಾಸ ಬಿದ್ದು ಏನ ಆದ್ವು ಅಂತ ಹೊಂಟ್ರ ಹಾಡು ನಿಂತ ಜಾಗದಿಂದ ಮುಂದ ಹೋದಂಗಾತು. ಕಾಳಿಂಗ ಗೊಲ್ಲ ಹುಲಿ ಇದ್ದ ಅಡವ್ಯಾಗ ದನ ಯಾಕ ಬಿಟ್ಟಾ ಅಂತ ಕೇಳಿದ್ರ ತಪ್ಪು ಯಾರದು ಅನ್ನೋದ ತಿರುವು ತಗೋತೈತಿ. ಮೂರರಾಗ ಯಾವುದನ್ನ ಹಿಡದ್ರೂ ಪುಣ್ಯಕೋಟಿ ಸುಳ್ಳು ಹೇಳಿದ್ಲು ಅಂತ ಬರ್ಯಾಕ ಬರಂಗಿಲ್ಲ, ಯಾಕಂದ್ರ ಆಕಿ ಮಾತು ತಪ್ಪಿದ್ರ ಅದು ಆ ಕಥಿನ ಅಲ್ಲ. ಛಲೋ ರೀಟೆಲಿಂಗ್ ಮೂಲದ ಕಂಬ ಹಂಗ ಬಿಟ್ಟು ಉಳದದ್ದನ್ನ ತಿರಗಸ್ತೈತಿ, ಕಡಿಮಿ ದರ್ಜಿದ್ದು ಬರೇ ರಕ್ತ ಚೆಲ್ಲಿ ಹೋಗ್ತೈತಿ.

ಹರೇದವ್ರಿಗೆ ಇದು ಯಾಕ ಹಿಡಸ್ತೈತಿ

ಎಂಟು ವರ್ಷದ ಮಗುವಿಗೆ ಒಳ್ಳೇವ್ರು ಯಾರು ಕೆಟ್ಟವ್ರು ಯಾರು ಅಂತ ಗೊತ್ತಾದ್ರ ಸಾಕು. ಹದಿನಾರಕ್ಕ ಹಂಗಲ್ಲ. ಆ ವಯಸ್ಸಿನಾಗ ಮನಿಯಾಗಿನ ಹಿರ್ಯಾರು ಹೇಳಿದ್ದಕ್ಕೂ ಮಾಡಿದ್ದಕ್ಕೂ ತಾಳ ಕೂಡದ್ದು ಕಾಣಾಕ ಹತ್ತತೈತಿ, ಹಸರ ಚಾಳೀಸ್ ತಗದು ನೋಡೋ ಆಸೆ ಆಗ್ತೈತಿ. ಹೊಸಾ ಲೋಕ ಕಟ್ಟಿ ಆ ಮಾತು ಹೇಳೂದಕ್ಕಿಂತ, ಸಣ್ಣಾಕಿದ್ದಾಗ ನಂಬಿದ್ದ ಲೋಕಾನ ತಗೊಂಡು ಹೇಳಿದ್ರ ಪೆಟ್ಟು ಜೋರ ಬೀಳ್ತೈತಿ, ಲೇಖಕನೂ ಓಜ್ ಅಂದ್ರ ಏನು, ಡೊರೊಥಿ ಅಂದ್ರ ಯಾರು ಅಂತ ನೂರು ಪುಟ ವಿವರಸೋದು ತಪ್ಪತೈತಿ. ಪ್ರಕಾಶಕರಿಗೂ ಲಾಭ, ಗೊತ್ತಿರೋ ಹೆಸರು ಕಂಡ್ರ ಕೈ ತಾನಾಗಿ ಪುಸ್ತಕದ ಕಡೆ ಹೋಗ್ತೈತಿ.

ಕತ್ತಲಿ ಅಂದ್ರ ಎಲ್ಲಾ ಒಂದ ಅಲ್ಲ

ಓಜ್ ಹೆಸರಿನ್ಯಾಗ ಈಗ ಅಂಗಡ್ಯಾಗ ಸಿಗೋ ಪುಸ್ತಕ ಮೂರು ನಮೂನಿ, ಗೊಂದಲ ಇಲ್ಲೆ. ಬಾಮ್‌ನ 1900ರ ಪುಸ್ತಕ ಮಕ್ಕಳದು. ಡೊರೊಥಿ ಸಾಯಬೇಕು ಅನ್ನೋದು ವೈಎ, ಹೈಸ್ಕೂಲ್ ಮ್ಯಾಲಿನವ್ರಿಗೆ, ಹೊಡೆದಾಟ ಹಿಂಸಾ ಭಾಳ ಐತಿ. ಮೂರನೇದು ಗ್ರೆಗರಿ ಮ್ಯಾಗ್ವಾಯರ್ ಅನ್ನೋರು 1995ರಾಗ ಬರದ 'ವಿಕೆಡ್' ಕಾದಂಬರಿ, ಪಡುವಣ ಮಾಟಗಾತಿ ಹೆಂಗ ಮಾಟಗಾತಿ ಆದ್ಲು ಅಂತ ಆಕಿ ಹುಟ್ಟಿನಿಂದ ಹೇಳೋ ಪುಸ್ತಕ. ಮೂಲದಾಗ ಆಕಿಗೆ ಹೆಸರ ಇಲ್ಲ, ಇವ್ರು ಬಾಮ್‌ನ ಎಲ್, ಎಫ್, ಬಿ ಅಕ್ಷರದಿಂದ ಎಲ್ಫಾಬಾ ಅಂತ ಹೆಸರ ಕಟ್ಟಿದ್ರು. ಇದು ದೊಡ್ಡವ್ರ ಕಾದಂಬರಿ, ಲೈಂಗಿಕ ಸನ್ನಿವೇಶ, ರಾಜಕೀಯ, ಕ್ರೌರ್ಯ ಎಲ್ಲಾ ಬಿಚ್ಚಿ ಬರದೈತಿ. ಇದರಿಂದ 2003ರಾಗ ಹಾಡಿನ ನಾಟಕ ಆತು, ನಾಟಕದಿಂದ ಸಿನಿಮಾ ಆತು, ಪ್ರತಿ ಸಲ ಒಂದೊಂದು ಪದರ ಮೆತ್ತಗಾಕೊಂತ ಬಂತು. ಹಿಂಗಾಗಿ ಸಿನಿಮಾ ಪೂರ್ತಿ ಮನಿಮಂದಿ ನೋಡೋವಂಥದ್ದು, ಅದರ ಬೇರಿನ ಪುಸ್ತಕ ಮಾತ್ರ ಸಣ್ಣ ಮಕ್ಕಳ ಕೈಗೆ ಕೊಡೋವಂಥದ್ದಲ್ಲ. ಸಿನಿಮಾ ಚಿತ್ರ ಹಾಕಿದ ಹೊದಿಕಿ ಇದ್ರಂತೂ ಇನ್ನಷ್ಟು ಹುಷಾರ, ಒಳಗಿಂದು ಅದ 1995ರ ಕಾದಂಬರಿನ. ಹಿಂದಿನ ರಟ್ಟಿನ ಮ್ಯಾಲೆ ವಯಸ್ಸು ಬರದಿದ್ರ ನೋಡ್ರಿ, ಇಲ್ಲಂದ್ರ ನಾಯಕಿ ವಯಸ್ಸು ಎಷ್ಟು ಅಂತ ಮದಲ ಪುಟದಾಗ ಹುಡಕ್ರಿ, ನಡುವಿನ ಒಂದು ಅಧ್ಯಾಯ ನಿಂತಲ್ಲೇ ಓದ್ರಿ.

ಪರವಾನಗಿ ಬ್ಯಾಡೇನು

ಲೇಖಕನ ಹಕ್ಕಿಗೆ ಒಂದು ಅವಧಿ ಇರ್ತೈತಿ, ಅದು ಮುಗದಮ್ಯಾಲೆ ಕೃತಿ ಎಲ್ಲಾರದು. ಬಾಮ್ 1919ರಾಗ ತೀರಕೊಂಡಾ, ಮದಲನೇ ಓಜ್ ಪುಸ್ತಕದ ಹಕ್ಕು ಅಮೆರಿಕದಾಗ 1956ಕ್ಕ ಮುಗೀತು, ಅದಕ್ಕ ಇಷ್ಟೊಂದು ರೀಟೆಲಿಂಗ್. 1939ರ ಸಿನಿಮಾದ ಹಕ್ಕು ಮಾತ್ರ ಬ್ಯಾರೆ. ಪುಸ್ತಕದಾಗ ಡೊರೊಥಿ ಬೂಟು ಬೆಳ್ಳೀವು, ಬಣ್ಣದ ಸಿನಿಮಾದಾಗ ಎದ್ದ ಕಾಣಲಿ ಅಂತ ಅವನ್ನ ಮಾಣಿಕ್ಯದ ಕೆಂಪು ಮಾಡಿದ್ರು, ಆ ಮಾಣಿಕ್ಯದ ಬೂಟು ಸಿನಿಮಾದವ್ರ ಸೊತ್ತು. ವಿನ್ನಿ ದ ಪೂ ಅನ್ನೋ ಕರಡಿಮರಿದೂ ಹಂಗ, 1926ರ ಪುಸ್ತಕದ ಹಕ್ಕು 2022ರ ಜನವರಿಗೆ ಅಮೆರಿಕದಾಗ ಮುಗೀತು, 2023ಕ್ಕ ಅದರ ಮ್ಯಾಲೆ ಒಂದು ರಕ್ತಸಿಕ್ತ ಭಯಾನಕ ಸಿನಿಮಾ ಬಂದ ಬಿಟ್ತು. ಪೀಟರ್ ಪ್ಯಾನ್‌ದು ಒಂದು ವಿಚಿತ್ರ, ಬ್ಯಾರಿ 1929ರಾಗ ಅದರ ಹಕ್ಕನ್ನ ಲಂಡನ್‌ನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಗೆ ದಾನ ಮಾಡಿದ್ರು, ಬ್ರಿಟನ್‌ನಾಗ 1988ರ ಕಾಯ್ದೆ ಪ್ರಕಾರ ಆ ಆಸ್ಪತ್ರೆಗೆ ಗೌರವಧನ ಕಾಯಂ.

ನಮ್ಮ ದೇಶದಾಗ ಲೇಖಕ ತೀರಿದ ಮುಂದಿನ ವರ್ಷದಿಂದ ಎಣಿಸಿ 60 ವರ್ಷ. ಬೇಂದ್ರೆ ಅಜ್ಜಾರು 1981ರಾಗ ಹೋದ್ರು, ಅವರ ಕವಿತಾ 2041 ಮುಗಿಯೋ ತನಕ ಮನಿತನದವ್ರ ಹಕ್ಕು. ಗೋವಿನ ಹಾಡು ಜನಪದರ ಬಾಯಾಗಿಂದ ಬಂದದ್ದು, ಅದಕ್ಕ ಯಾರನ್ನೂ ಕೇಳಬೇಕಾಗಿಲ್ಲ. ಇನ್ನ ನಮ್ಮ ಪಿಯುಸಿ ಹುಡುಗ್ರು ಯಾರಾರ ಕಿಂದರಿಜೋಗಿ ಕಥಿ ತಿರುವಿ ಬರೀಬೇಕು ಅಂದ್ರ ಸ್ವಲ್ಪ ಲಕ್ಷ್ಯ ಬೇಕು. ಕುವೆಂಪು 1994ರಾಗ ತೀರಕೊಂಡಾರ, ಅವರ ಸಾಲು, ಅವರು ಕಟ್ಟಿದ ಬೊಮ್ಮನಹಳ್ಳಿ ಬಳಸಬೇಕಂದ್ರ 2054ರ ತನಕ ಪರವಾನಗಿ ಕೇಳಬೇಕು. ಆದ್ರ ಅವರೂ ಅದನ್ನ ರಾಬರ್ಟ್ ಬ್ರೌನಿಂಗ್ ಕವಿತಾದಿಂದ ತಂದವ್ರು, ಬ್ರೌನಿಂಗ್ 1889ರಾಗ ಸತ್ತಾಂವ, ಅಂವಾ ಜರ್ಮನಿ ಹ್ಯಾಮೆಲಿನ್ ಊರಿನ ದಂತಕಥಿಯಿಂದ ತಂದಾಂವ. ಮಕ್ಕಳೆಲ್ಲಾ ಬೆಟ್ಟದೊಳಗ ಹೋಗಿ, ಬಾಗಲಾ ಮುಚ್ಚಿದಮ್ಯಾಲೆ ಬಂದು ಒಬ್ಬನ ಹೊರಗ ಉಳದ ಆ ಕುಂಟ ಹುಡುಗನ ಬಾಯಿಂದ ಕಥಿ ಹೇಳಸಬೇಕಂದ್ರ ಹ್ಯಾಮೆಲಿನ್ ತನಕ ಹಿಂದ ಹೋಗ್ರಿ, ಅಲ್ಲಿಂದ ಊರು ಯಾವುದರ ಇಟಗೋರಿ, ಅಣ್ಣಿಗೇರಿ ಆದ್ರೂ ನಡೀತೈತಿ, ಸವಣೂರ ಆದ್ರೂ ನಡೀತೈತಿ.